ನೀಲಿ ಬಕೆಟ್ಟು ಮತ್ತು ತೊರೆಯ ಮೂರನೇ ಜಾಗ

“ಕೊಲ್ಲಿಯಲ್ಲಿ ಲಂಗರು ಹಾಕಿರುವ ಸಮಸ್ತ ಹಾಯಿದೋಣಿಗಳ ಗಮನಕ್ಕೆ. ಅತೀವ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ‘ಸ್ಯಾಂಡ್‌ಪೈಪರ್’ ದೋಣಿಯಲ್ಲಿ ಏಳು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ, ನೀಲಿ ಮೈಬಣ್ಣದ, ಹಗ್ಗದ ಹಿಡಿಕೆಯ, ಹತ್ತು ಲೀಟರ್ ಸಾಮರ್ಥ್ಯದ ಬಕೆಟ್ ಒಂದು ಭಾನುವಾರ ಮಧ್ಯಾಹ್ನದಿಂದ ಕಾಣೆಯಾಗಿದೆ. ಕಂಡವರು ತಿಳಿಸುವುದು. ಕೊಂಡೊಯ್ದವರು ತಮ್ಮ ಆತ್ಮಸಾಕ್ಷಿಯನ್ನು ಒಮ್ಮೆ ವಿಚಾರಿಸಿಕೊಳ್ಳುವುದು. ಓವರ್.”

ಸೋಮವಾರ ಬೆಳಿಗ್ಗೆ ಎಂಟು ಗಂಟೆಯ ರೇಡಿಯೋ ಹಾಜರಿಯಲ್ಲಿ ನನ್ನ ಗಂಡ ಡೆಸ್ಮಂಡ್ ಇದನ್ನು ಎದ್ದು ನಿಂತು ಓದಿದ. ನಮ್ಮ ದೋಣಿಯೊಳಗೆ ಎದ್ದು ನಿಂತರೆ ತಲೆ ಚಾವಣಿಗೆ ತಾಗುತ್ತದೆ. ಹಾಗಾಗಿ ಅವನ ಗಾಂಭೀರ್ಯವೆಲ್ಲ ಕತ್ತು ಬಗ್ಗಿಸಿಕೊಂಡೇ ನಡೆಯಬೇಕು. ಹಾಜರಿ ಕೂಗುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ, ಬೇಡವೆಂದು ಯಾರೂ ಅಂದಿರಲೂ ಇಲ್ಲ. ಇನ್ನು ‘ಸಮಸ್ತ ಹಾಯಿದೋಣಿಗಳು’ ಎಂದರೆ, ನಬೋಲೆ ಕೊಲ್ಲಿಯಲ್ಲಿ ಆ ದಿನ ಇದ್ದದ್ದು ಎರಡೇ. ಒಂದು ನಮ್ಮದು. ಇನ್ನೊಂದು ನ್ಯೂಜಿಲೆಂಡಿನ ಟ್ರೆವರ್ ಮತ್ತು ಐಲ್ಸಾ ದಂಪತಿಯ ‘ಪೇಷೆನ್ಸ್’. ಆ ದೋಣಿಯ ಹೆಸರು ಕೇಳಿದರೆ ಸಾಕು, ಡೆಸ್‌ನಲ್ಲಿದ್ದ ಪೇಷೆನ್ಸೆಲ್ಲ ಹಾರಿಹೋಗುತ್ತಿತ್ತು.

ರೇಡಿಯೋ ಒಂದು ಕ್ಷಣ ಗರಗರ ಅಂದು, ಟ್ರೆವರ್‌ನ ದನಿ ಬಂತು. “ಬಕೆಟ್ಟಾ? ನಾವ್ಯಾಕ್ ಮಾರಾಯ ತಗೊಳ್ಳೋಣ? ನಮ್ಹತ್ರಾನೇ ಎರಡಿದೆ. ಓವರ್.”

ಡೆಸ್ ಗುಂಡಿ ಒತ್ತಿ ರೇಡಿಯೋ ಆರಿಸಿದ. “ಕೇಳಿಸ್ಕೊಂಡ್ಯಾ ನೆರಿ? ಎರಡಂತೆ. ಶನಿವಾರ ಅವ್ನ ಡೆಕ್ ಮೇಲೆ ಇದ್ದಿದ್ದು ಒಂದೇ.”

“ನೀನು ಅವ್ರ ಬಕೆಟ್ ಎಣಿಸ್ತಾ ಕೂತಿದ್ಯಾ?”

“ಬೈನಾಕ್ಯುಲರ್ ಇರೋದ್ಯಾಕೆ ಹಾಗಾದ್ರೆ?”

ನಾನು ಮೊಟ್ಟೆಗಳನ್ನು ಮಗುಚುವ ಕೆಲಸಕ್ಕೆ ಕೂತೆ. ದೋಣಿಯಲ್ಲಿ ಫ್ರಿಜ್ಜಿನ ಜಾಗ ಕಮ್ಮಿ. ಮೊಟ್ಟೆ ಹೊರಗೇ ಇರುತ್ತವೆ, ದಿನಕ್ಕೊಮ್ಮೆ ತಲೆಕೆಳಗು ಮಾಡಿದರೆ ತಿಂಗಳು ಬಾಳುತ್ತವೆ. ಗಂಡಂದಿರಿಗೂ ಇದೇ ಚಿಕಿತ್ಸೆ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಆದರೆ ಆ ಬೆಳಿಗ್ಗೆ ತಲೆ ತಗ್ಗಿಸಿಕೊಂಡಿದ್ದಕ್ಕೆ ಬೇರೆ ಕಾರಣವಿತ್ತು. ಭಾನುವಾರ ಬಟ್ಟೆ ಒಗೆದಾದ ಮೇಲೆ ಆ ಬಕೆಟ್ಟನ್ನು ಹಿಂದಿನ ಕಂಬಿಗೆ ಕಟ್ಟಿದ್ದು ನಾನೇ. ಡೆಸ್ ಕಲಿಸಿದ ಗಂಟು ಹಾಕಲು ಸೋಮಾರಿತನವಾಗಿ, ಚಡ್ಡಿ ಲಾಡಿಗೆ ಹಾಕುವ ಗಂಟು ಹಾಕಿದ್ದೆ. ಅದನ್ನು ಅವನಿಗೆ ಹೇಳಬಹುದಿತ್ತು. ಆದರೆ ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಕಲಿತದ್ದೊಂದೇ: ಗಂಡ ಬೇರೆಯವರನ್ನು ಅನುಮಾನಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದು.

ಅಷ್ಟಕ್ಕೂ ಜಗಳ ಬಕೆಟ್ಟಿನದಲ್ಲ. ತೊರೆಯದು.

ಅಕ್ಟೋಬರ್ ಮುಗಿಯುತ್ತಿತ್ತು. ನವೆಂಬರ್ ಹುಟ್ಟಿದರೆ ಫಿಜಿಯಲ್ಲಿ ಚಂಡಮಾರುತದ ಕಾಲ. ಆಗ ದೋಣಿಯವರಿಗೆ ಎರಡೇ ದಾರಿ. ಒಂದು, ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಮರಗಳ ನಡುವೆ ಯಾವುದಾದರೂ ತೊರೆಗೆ ದೋಣಿ ನುಗ್ಗಿಸಿ, ನಾಲ್ಕೂ ಕಡೆಯಿಂದ ಮರಕ್ಕೆ ಹಗ್ಗ ಬಿಗಿದು, ಐದು ತಿಂಗಳು ಅಲ್ಲೇ ಕೂರುವುದು. ಇನ್ನೊಂದು, ದಕ್ಷಿಣಕ್ಕೆ ಹತ್ತು ದಿನ ತೆರೆದ ಕಡಲಲ್ಲಿ ಹೊಡೆಸಿಕೊಂಡು ನ್ಯೂಜಿಲೆಂಡ್ ಸೇರುವುದು. ಕಳೆದ ವರ್ಷ ನಾವು ಆ ಎರಡನೇ ದಾರಿ ಹಿಡಿದಿದ್ದೆವು. ಆರನೇ ದಿನ ಒಂದು ಅಲೆ ಡೆಸ್‌ನನ್ನು ಎತ್ತಿ ಒಲೆಯ ಮೇಲೆ ಒಗೆದು ಎರಡು ಪಕ್ಕೆಲುಬು ಮುರಿಯಿತು. ಉಳಿದ ನಾಲ್ಕು ದಿನ ನಾನೊಬ್ಬಳೇ ಚುಕ್ಕಾಣಿ ಹಿಡಿದೆ. ಅವನು ಕೆಳಗೆ ಮಲಗಿ ಪ್ರತಿ ಅಲೆಗೂ ಕುಕ್ಕರಿನ ಹಾಗೆ ಒಂದೊಂದು ಸೀಟಿ ಹೊಡೆದ. ದಡ ಸೇರಿದ ದಿನ ನಾನು ಹೇಳಿದ್ದೆ: “ಇನ್ನೊಂದ್ಸಲ ಈ ದಾರೀಲಿ ಬರೋದಾದ್ರೆ ನೀನೊಬ್ನೇ ಬಾ.” ನಮ್ಮೂರು ಬಂಡಬರ್ಗ್‌ನ ಮನೆಯನ್ನು ಮಾರಿಯೇ ಈ ದೋಣಿ ಕೊಂಡಿದ್ದು, ಹೋಗಲು ಬೇರೆ ಮನೆ ಇರಲಿಲ್ಲ. ನನಗೆ ಬೇಕಿದ್ದದ್ದು ಐದು ತಿಂಗಳ ಒಂದು ಭಾಗ್ಯ: ಬೆಳಿಗ್ಗೆ ಮೇಜಿನ ಮೇಲಿಟ್ಟ ಲೋಟ ಸಂಜೆಗೂ ಅಲ್ಲೇ ಇರಬೇಕು.

ನಬೋಲೆ ತೊರೆಯಲ್ಲಿ ಮೂರು ದೋಣಿಗಳಿಗೆ ಜಾಗ. ಎರಡನ್ನು ಆಗಲೇ ಕಟ್ಟಿ, ಅವುಗಳ ಯಜಮಾನರು ವಿಮಾನ ಹತ್ತಿ ತಮ್ಮ ದೇಶಕ್ಕೆ ಹೋಗಿದ್ದರು. ಉಳಿದದ್ದು ಒಂದು. ಕೊಡಬೇಕಾದವರು ಊರಿನ ಯಜಮಾನರಾದ ರಾತು ಎಪೇಲಿ. ಅವರೋ ನೆಂಟರೊಬ್ಬರ ಸಾವಿಗೆಂದು ಪಕ್ಕದ ದ್ವೀಪಕ್ಕೆ ಹೋಗಿದ್ದರು. ಅವರ ಪರವಾಗಿ ಮಾತಾಡುವ ಸಕಿಯಾಸಿ ದಡದಲ್ಲಿ ನಮಗೆ ಹೇಳಿದ್ದ: “ಯಜಮಾನ್ರು ಬುಧವಾರ ಸಾಯಂಕಾಲ ಬರ್ತಾರೆ. ಅಲ್ಲೀವರೆಗೂ ಲಂಗರು ಹಾಕ್ಕೊಂಡಿರಿ, ಪರವಾಗಿಲ್ಲ. ಆದ್ರೆ ಸೆವುಸೆವು ಆಗೋ ತನಕ ನೀರಿಂದ ಏನೂ ಹಿಡೀಬೇಡಿ. ಗುರುವಾರ ಹತ್ತು ಗಂಟೆಗೆ ಎರಡೂ ದೋಣಿಯೋರು ಒಟ್ಟಿಗೇ ಬಂದ್ಬಿಡಿ.”

ಸೆವುಸೆವು ಅಂದರೆ, ಪುಡಿಮಾಡಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟೊಂದನ್ನು ಯಜಮಾನರ ಮುಂದಿಟ್ಟು, ಬಂದ ಕಾರಣ ಹೇಳಿಕೊಳ್ಳುವುದು. ಅವರು ಕಟ್ಟನ್ನು ಮುಟ್ಟಿದರೆ ನಿಮ್ಮ ಮಾತು ನಡೆದಂತೆ.

“ಒಟ್ಟಿಗೇ ಬನ್ನಿ ಅಂದ,” ಎಂದು ವಾಪಸಾಗುವಾಗ ಡೆಸ್ ಹುಬ್ಬು ಗಂಟಿಕ್ಕಿದ. “ಯಾಕೆ ಒಟ್ಟಿಗೆ? ಇದ್ರಲ್ಲೇನೋ ಇದೆ.”

ಅಂದಿನಿಂದ ನಮ್ಮ ದಿನಚರಿ ಬದಲಾಯಿತು. ಹಾಯಿ ಇಳಿಸಿದ್ದರೂ ಹಾಯೆನಿಸಲಿಲ್ಲ. ಒಣಹಾಕಿದ ನನ್ನ ಲಂಗದ ಹಿಂದೆ ಡೆಸ್ ಬೈನಾಕ್ಯುಲರ್ ಹಿಡಿದು ಕೂತ. ಮಧ್ಯಾಹ್ನದ ಊಟ ಬ್ರೆಡ್‌ಫ್ರೂಟ್ ಮತ್ತು ಅನುಮಾನ; ರಾತ್ರಿಯದು ಬರೀ ಅನುಮಾನ. ಟ್ರೆವರ್ ದಿನಾ ಇಳಿತದ ಹೊತ್ತಿಗೆ ರಬ್ಬರ್ ದೋಣಿ ಇಳಿಸುತ್ತಾನೆ. ಅದರಲ್ಲಿ ಹಸಿರು ತಾಡಪಾಲು ಮುಚ್ಚಿದ ಏನೋ ಒಂದು ಇರುತ್ತದೆ. ನೇರ ತೊರೆಯೊಳಗೆ ಹೋಗುತ್ತಾನೆ, ತಾಸು ಬಿಟ್ಟು ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬರುತ್ತಾನೆ. ಬರುವಾಗ ನಮ್ಮ ಕಡೆ ಕೈಬೀಸುತ್ತಾನೆ.

“ಕೈ ಬೀಸ್ತಾನೆ ನೋಡು, ಕಳ್ಳ,” ಎಂದ ಡೆಸ್. “ತೊರೆ ಆಳ ಅಳೀತಿದಾನೆ. ತಾಡಪಾಲು ಕೆಳಗೆ ಇರೋದು ಸೀಸದ ಗುಂಡು.”

“ಸೀಸದ ಗುಂಡನ್ನ ತಾಡಪಾಲಲ್ಲಿ ಮುಚ್ಚೋಕೆ ಅದೇನು ತೊಟ್ಟಿಲ ಕೂಸಾ?”

“ಮುಚ್ಚಿದಾನೆ ಅಂದ್ರೆ ಮುಚ್ಚೋಂಥದ್ದು ಏನೋ ಇದೆ ಅಂತ್ಲೇ ಅರ್ಥ.”

ಮಂಗಳವಾರ ಬೆಳಿಗ್ಗೆ ಡೆಸ್ ತಾನೂ ತೊರೆಗೆ ಹೋದ. ಯಾರಿಗೂ ಗೊತ್ತಾಗದಿರಲೆಂದು ಕೈಯಲ್ಲೊಂದು ಗಾಳದ ಕೋಲು, ದಾರದ ತುದಿಗೆ ಕೊಕ್ಕೆಯ ಬದಲು ಸೀಸದ ಗುಂಡು. ಗಾಳ ಹಾಕಿದಂತೆ ಮಾಡಿ ತಳ ಮುಟ್ಟಿಸುವುದು, ದಾರದ ಒದ್ದೆ ನೋಡಿ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವುದು. ಎರಡು ತಾಸು ಒಂದು ಮೀನೂ ಹಿಡಿಯದೆ, ಹಿಡಿಯಲು ಪ್ರಯತ್ನವನ್ನೂ ಮಾಡದೆ, ಆ ಮೂರನೇ ಜಾಗದ ಸುತ್ತ ಒಂಬತ್ತು ಸುತ್ತು ಹಾಕಿದ. ದೇವರ ಗುಡಿಗೂ ಅವನು ಯಾವತ್ತೂ ಅಷ್ಟು ಪ್ರದಕ್ಷಿಣೆ ಹಾಕಿದವನಲ್ಲ. ‘ಪೇಷೆನ್ಸ್’ ಡೆಕ್ಕಿನ ಮೇಲೆ ಏನೋ ಫಳಕ್ಕನೆ ಹೊಳೆಯಿತು. ಅವರ ಬಳಿಯೂ ಬೈನಾಕ್ಯುಲರ್ ಇತ್ತು.

ಅಂದೇ ಮಧ್ಯಾಹ್ನ ಐಲ್ಸಾ ಬಾಳೆಹಣ್ಣಿನ ಕೇಕು ಹಿಡಿದು ಬಂದಳು. ಅವಳ ರಬ್ಬರ್ ದೋಣಿ ಹತ್ತಿರವಾಗುವುದನ್ನು ಕಂಡಿದ್ದೇ ನಾನು ಮೇಜಿನ ಮೇಲಿದ್ದ ಯಂಗೋನಾ ಕಟ್ಟುಗಳೆರಡನ್ನೂ ಒಲೆಯ ಓವನ್ನಿನೊಳಗೆ ತುರುಕಿದೆ. ಎರಡು ಕಟ್ಟು ಇದೆಯೆಂದು ಅವರಿಗೆ ಗೊತ್ತಾದರೆ ಅವರು ಮೂರು ತರುತ್ತಾರೆ.

“ಬಾ ಐಲ್ಸಾ, ಬಾ. ಕೇಕು ಯಾಕೆ ತರೋಕೋದೆ? ಸುಮ್ನೆ ತೊಂದ್ರೆ.”

“ತೊಂದ್ರೆ ಏನ್ ಬಂತು? ಹಣ್ಣು ಕಪ್ಪಾಗ್ತಿತ್ತು.” ಅವಳು ಕೂತು ಸುತ್ತ ಕಣ್ಣಾಡಿಸಿದಳು. “ಬಕೆಟ್ ಸಿಕ್ತಾ?”

“ಇಲ್ಲ. ನಿಮ್ದು ಎರಡೂ ಇದ್ಯಲ್ಲ?”

“ಇದೆ, ಇದೆ. ಎರಡೂ ಕೆಂಪು,” ಎಂದಳು, ‘ಕೆಂಪು’ ಎಂಬುದನ್ನು ಕೊಂಚ ಒತ್ತಿ. “ಡೆಸ್ ಬೆಳಿಗ್ಗೆ ಮೀನು ಹಿಡಿಯೋಕೆ ಹೋಗಿದ್ದ ಅನ್ಸತ್ತೆ? ಸೆವುಸೆವು ಆಗೋಕ್ಮುಂಚೆ ಹಿಡೀಬಾರ್ದು ಅಂದಿದ್ರಲ್ಲ ಸಕಿಯಾಸಿ?”

“ಅವ್ನು ಹಿಡಿಯೋಕೆ ಹೋಗಿರ್ಲಿಲ್ಲ ಬಿಡು. ಗಾಳ ಹಾಕಿದ್ರೆ ಅವನ ಮನಸ್ಸಿಗೆ ಸಮಾಧಾನ. ನಿಮ್ಮ ಟ್ರೆವರ್ ದಿನಾ ಹೋಗೋದೇನಕ್ಕೆ?”

“ಅವ್ನಿಗೂ ಸಮಾಧಾನ.”

ಇಬ್ಬರೂ ನಕ್ಕೆವು. ಹಲ್ಲು ಮಾತ್ರ ಕಂಡವು. ಚಹಾ ಬಸಿದೆ. ಅವಳು ಎರಡು ಗುಟುಕು ಕುಡಿದು, ಹೊರಗಿನ ಮೋಡ ನೋಡುವವಳ ಹಾಗೆ ಕೇಳಿದಳು: “ನಿಮ್ ದೋಣಿ ತಳ ನೀರಲ್ಲಿ ಎಷ್ಟು ಆಳ ಹೋಗತ್ತೆ ನೆರಿ?”

“ನಾನೇನು ಅಡುಗೆ ಮಾಡಿದೀನಿ ಅನ್ನೋದರ ಮೇಲೆ ಹೋಗತ್ತೆ.”

“ಕೇಕು ಸ್ವಲ್ಪ ಬಿಸಿ ಮಾಡಿ ತಿನ್ನೋಣ್ವಾ? ಓವನ್ ಹಚ್ತೀನಿ, ಇರು.”

“ಬೇಡ!” ನಾನು ಓವನ್ನಿಗೆ ಬೆನ್ನು ಕೊಟ್ಟು ನಿಂತೆ. “ಅದು ಕೆಟ್ಟಿದೆ.”

“ನಿನ್ನೆ ಬ್ರೆಡ್ ಸುಟ್ಟ ವಾಸನೆ ನಮ್ ದೋಣೀವರೆಗೂ ಬಂದಿತ್ತಲ್ಲ?”

“ಆಮೇಲೇ ಕೆಟ್ಟಿದ್ದು.”

ಅವಳು ಹೋದ ಮೇಲೆ ಡೆಸ್ ಮುಂದಿನ ಕೋಣೆಯಿಂದ ಹೊರಬಂದ. ಅಷ್ಟು ಹೊತ್ತು ಹಾಯಿಗಳ ಮೂಟೆಯ ಮೇಲೆ ಮಲಗಿ ಕಿವಿ ಕೊಟ್ಟಿದ್ದ. “ಬಂದಿದ್ದು ದೋಣಿ ಆಳ ಅಳೆಯೋಕಲ್ಲ ಕಣೇ, ನಿನ್ನ ಆಳ ಅಳೆಯೋಕೆ,” ಅಂದ. ಕೇಕು ತಿನ್ನಲು ಮೊದಲು ಹಿಂದೆಮುಂದೆ ನೋಡಿದ. ಆಮೇಲೆ ಹಿಂದೆಮುಂದೆ ನೋಡದೆ ಮುಕ್ಕಾಲು ತಿಂದ.

ಬುಧವಾರ ಸಂಜೆ ನಾಲ್ಕಕ್ಕೆ ಯಜಮಾನರನ್ನು ಹೊತ್ತ ಫೈಬರ್ ದೋಣಿ ಕೊಲ್ಲಿ ದಾಟಿ ದಡ ಸೇರಿತು. ಡೆಸ್ ನನ್ನನ್ನು ಮೇಜಿನ ಮುಂದೆ ಕೂರಿಸಿ ಯೋಜನೆ ಬಿಚ್ಚಿದ. ಸೇನಾಪತಿಗಳು ಭೂಪಟ ಹಾಸಿಕೊಳ್ಳುತ್ತಾರೆ. ಅವನು ಉಬ್ಬರ-ಇಳಿತದ ಪಟ್ಟಿ ಹಾಸಿಕೊಂಡ.

“ಹತ್ತು ಗಂಟೆಗಲ್ಲ, ಎಂಟಕ್ಕೇ ಹೋಗ್ಬಿಡೋದು. ಎಂಟಕ್ಕೆ ಟ್ರೆವರ್ ರೇಡಿಯೋ ಮುಂದೆ ಕೂತಿರ್ತಾನೆ, ಹಾಜರಿ ಕೇಳೋಕೆ. ಅವ್ನು ಕೂತಿರೋ ಹೊತ್ತಿಗೆ ನಾವು ಯಜಮಾನರ ಮುಂದೆ ಕೂತಿರ್ತೀವಿ. ಒಂದಲ್ಲ, ಎರಡು ಕಟ್ಟು.”

“ಹೋಗಿ ‘ತೊರೆ ಜಾಗ ಕೊಡಿ’ ಅಂತ ಕೇಳೋದು. ಅಷ್ಟೇ ತಾನೆ?”

“ಅಯ್ಯೋ, ಪೆದ್ದಿ!” ಅವನು ಹಣೆ ಹಿಡಿದುಕೊಂಡ. “ಹೋದ ತಕ್ಷಣ ಕೈ ಚಾಚಿದ್ರೆ ಆಸೆಬುರುಕ್ರು ಅನ್ಕೊಳಲ್ವಾ? ಮೊದಲು ಏನೂ ಬೇಡ ಅನ್ಬೇಕು. ‘ನಮ್ಗೇನೂ ಬೇಡ, ನಮ್ಮನ್ನ ನಿಮ್ಮೋರು ಅನ್ಕೊಳ್ಳಿ, ಅಷ್ಟೇ ಸಾಕು.’ ಕಟ್ಟು ಮುಟ್ಟಿದ್ರು ಅಂದ್ರೆ ನಾವು ಅವ್ರ ಮನೆಯೋರು. ಎರಡು ಸುತ್ತು ಕುಡಿದ್ಮೇಲೆ ಮೆಲ್ಲಗೆ ತೊರೆ ಸುದ್ದಿ ತೆಗೆಯೋದು. ಮನೆಯೋರಿಗೆ ಯಾರಾದ್ರೂ ಇಲ್ಲ ಅಂತಾರಾ?”

“ನೇರವಾಗಿ ಕೇಳ್ಬಿಡೋಣ ಡೆಸ್. ನನಗ್ಯಾಕೋ ಸರಿ ಅನ್ನಿಸ್ತಿಲ್ಲ.”

“ನೇರವಾಗಿ ಕೇಳಿದ್ರೇ ಜನಕ್ಕೆ ಅನುಮಾನ ಬರೋದು,” ಎಂದ ನನ್ನ ಗಂಡ. ಅನುಮಾನದ ವಿಷಯದಲ್ಲಿ ಅವನ ಮಾತು ತಳ್ಳಿಹಾಕುವಂಥದ್ದಲ್ಲ.

ಗುರುವಾರ ಎಂಟಕ್ಕೆ ಹತ್ತು ನಿಮಿಷ ಇರುವಾಗ ಮೋಟರು ಹಚ್ಚದೆ, ಹುಟ್ಟು ಹಾಕುತ್ತ, ಕಳ್ಳರಂತೆ ದಡಕ್ಕೆ ಹೋದೆವು. ನಾನು ಭುಜ ಮುಚ್ಚಿ, ಮೊಣಕಾಲು ದಾಟುವ ಸುಲು, ಅಂದರೆ ಅಲ್ಲಿನವರ ಪಂಚೆ, ಸುತ್ತಿದ್ದೆ. ಡೆಸ್ ಕೂಡ ಸುಲು ಉಟ್ಟು, ಊರು ಸಮೀಪಿಸುತ್ತಲೇ ಟೋಪಿ, ತಂಪು ಕನ್ನಡಕ ಎರಡನ್ನೂ ತೆಗೆದ. ಸಕಿಯಾಸಿ ಹಲ್ಲುಜ್ಜುತ್ತಿದ್ದವನು ನಮ್ಮನ್ನು ನೋಡಿ ಬ್ರಷ್ಷು ಬಾಯಲ್ಲೇ ನಿಲ್ಲಿಸಿದ.

“ಬುಲಾ! ಹತ್ತು ಗಂಟೆ ಅಂದಿದ್ದೆ ಅಲ್ವಾ?”

“ಯಜಮಾನ್ರನ್ನ ನೋಡೋ ಆಸೆ ತಡೆಯೋಕಾಗ್ಲಿಲ್ಲ,” ಎಂದ ಡೆಸ್.

ಯಜಮಾನರ ಮನೆಯ ಚಾಪೆ ಮೇಲೆ ಬಾಗಿಲ ಬದಿಗೆ ನಮ್ಮನ್ನು ಕೂರಿಸಿದರು. ರಾತು ಎಪೇಲಿ ಎದುರು ಗೋಡೆಗೊರಗಿ ಕೂತಿದ್ದರು. ಎಪ್ಪತ್ತು ದಾಟಿದ ದೊಡ್ಡ ದೇಹ, ಪ್ರಯಾಣದ ದಣಿವು, ಮಾತು ಕಮ್ಮಿ. ಡೆಸ್ ಕಾಲು ಮಡಚಿ ಕೂರಲು ಹೋದಾಗ ಮೊಣಕಾಲಿನಿಂದ ಲಟಕ್ಕೆಂದು ಶಬ್ದ ಬಂತು. ಎರಡು ಕಟ್ಟುಗಳನ್ನು ಮುಂದಿಟ್ಟು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. “ನಮ್ಗೇನೂ ಬೇಡ ಯಜಮಾನ್ರೇ. ನಾವು ಕೇಳೋದು ಒಂದೇ. ನಮ್ಮನ್ನ ಈ ಊರಿನೋರು ಅಂತ ಅನ್ಕೊಳ್ಳಿ.”

ಸಕಿಯಾಸಿ ಅದನ್ನು ಅವರ ಭಾಷೆಯಲ್ಲಿ ಐದು ಪಟ್ಟು ಉದ್ದ ಮಾಡಿ ಹೇಳಿದ. ಯಜಮಾನರು ಮುಂದೆ ಬಾಗಿ ಕಟ್ಟು ಮುಟ್ಟಿದರು. ಸುತ್ತ ಕೂತಿದ್ದ ಊರವರೆಲ್ಲ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಡೆಸ್ ನನಗೆ ಕಣ್ಣು ಹೊಡೆದ.

ಯಂಗೋನಾ ಕಲಸಲು ನೀರು ತಂದರು. ತಂದದ್ದು ನೀಲಿ ಬಕೆಟ್ಟಿನಲ್ಲಿ. ಹಗ್ಗದ ಹಿಡಿಕೆ. ಅದರ ಗಂಟು ಡೆಸ್‌ನದೇ, ಏಳು ವರ್ಷದ ಹಿಂದಿನದು. ಕಂಬಿಗೆ ಕಟ್ಟಿದ್ದ ನನ್ನ ಗಂಟು ಮಾತ್ರ ಇರಲಿಲ್ಲ.

ಡೆಸ್ ತಡೆಯಲಾರದೆ ಸಕಿಯಾಸಿಯ ಕಡೆ ಬಾಗಿ, “ಆ ಬಕೆಟ್ಟು...” ಎಂದ.

“ಭಾನುವಾರ ಕಡಲೇ ತಂದುಕೊಡ್ತು,” ಎಂದ ಸಕಿಯಾಸಿ ಹಿಗ್ಗಿನಿಂದ. “ಗಟ್ಟಿ ಮಾಲು. ನಿಮ್ದಾ?”

ತೊರೆಗಾಗಿ ಬಕೆಟ್ಟು ತೊರೆಯಬೇಕಾದ ಘಳಿಗೆ. “ನಮ್ದು ನಿಮ್ದು ಅಂತ ಏನಿದೆ ಇನ್ನು?” ಎಂದು ಡೆಸ್ ಸಿಟ್ಟು ನುಂಗಿಕೊಂಡ. ನಾನು ಚಾಪೆಯ ಹೆಣಿಗೆಯನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ತೆಂಗಿನ ಚಿಪ್ಪಿನಲ್ಲಿ ಯಂಗೋನಾ ಬಂತು, ಮೊದಲ ಚಿಪ್ಪು ಕುಡಿದೆವು. ನಾಲಗೆ ಮರಗಟ್ಟಿತು. ಎರಡನೇ ಚಿಪ್ಪಿಗೆ ಡೆಸ್ ಗಂಟಲು ಸರಿಮಾಡಿಕೊಂಡು, “ಯಜಮಾನ್ರೇ, ಆ ತೊರೆ...” ಅನ್ನುವಷ್ಟರಲ್ಲಿ ಹೊರಗೆ ಮೋಟರಿನ ಸದ್ದು, ಓಡುವ ಹೆಜ್ಜೆ. ಬಾಗಿಲಲ್ಲಿ ಟ್ರೆವರ್, ಹಿಂದೆ ಐಲ್ಸಾ. ಅವನ ಅಂಗಿಯ ಗುಂಡಿ ಒಂದು ಮೇಲೊಂದು ಕೆಳಗೆ. ಕೈಯಲ್ಲಿ ಒಂದೇ ಒಂದು ಸಣಕಲು ಕಟ್ಟು.

“ಎಂಟಾದ್ರೂ ಹಾಜರಿ ಕೂಗ್ಲಿಲ್ಲ ಮಾರಾಯ,” ಎಂದು ಏದುಸಿರು ಬಿಟ್ಟ. “ಸತ್ತೇಹೋದ್ಯೇನೋ ಅನ್ಕೊಂಡೆ. ನೋಡಿದ್ರೆ ನಿಮ್ಮ ರಬ್ಬರ್ ದೋಣಿ ದಡದಲ್ಲಿ!”

“ಇವರದ್ದೂ ಆಗ್ಲಿ, ಆಮೇಲೆ ನಿಮ್ಮ ಮಾತು,” ಎಂದು ಸಕಿಯಾಸಿ ಡೆಸ್‌ಗೆ ಕೈ ತೋರಿಸಿದ. ನಮ್ಮನ್ನು ಬಾಗಿಲ ಬದಿಯಿಂದ ಎಬ್ಬಿಸಿ ಒಳಗೆ, ಊರವರ ಪಕ್ಕ ಕೂರಿಸಿದ. ಡೆಸ್ ಬಡ್ತಿ ಸಿಕ್ಕವನ ಹಾಗೆ ಎದೆಯುಬ್ಬಿಸಿ ಕೂತ.

ಟ್ರೆವರ್ ಕಟ್ಟನ್ನು ಮುಂದಿಟ್ಟ. “ಯಜಮಾನ್ರೇ, ಮೊದ್ಲು ತಪ್ಪೊಪ್ಪಿಗೆ. ನಿಮ್ಮನ್ನ ಕೇಳ್ದೆ ನಾಲ್ಕು ದಿನದಿಂದ ತೊರೇಲಿ ಏಡಿ ಹಿಡ್ದೆ. ಬೋನನ್ನ ತಾಡಪಾಲು ಮುಚ್ಕೊಂಡು ಹೋಗ್ತಿದ್ದೆ. ತಪ್ಪಾಯ್ತು. ಒಟ್ಟು ಮೂರು ಸಿಕ್ವು. ರುಚಿಯಾಗಿದ್ವು.”

ಯಜಮಾನರ ಹೊಟ್ಟೆ ಕುಲುಕಿತು. ಅವರು ನಗುತ್ತಿದ್ದಾರೆಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ಇನ್ನೊಂದು,” ಎಂದ ಟ್ರೆವರ್. “ನಾವು ಶನಿವಾರ ಊರಿಗೆ ಹೊರಡೋರಿದ್ವಿ. ತೊರೇಲಿ ಜಾಗ ಇದೆ ಅಂತ ನಮ್ಗೆ ತಲೆಗೇ ಹೋಗಿರ್ಲಿಲ್ಲ. ಆದ್ರೆ ಈ ಡೆಸ್, ಕೊಕ್ಕೆ ಇಲ್ದಿರೋ ಗಾಳ ಹಿಡ್ಕೊಂಡು ಅದೇ ಜಾಗಕ್ಕೆ ಒಂಬತ್ತು ಸುತ್ತು ಹಾಕಿದ. ಅಂಗೈ ಮೇಲೆ ಬರ್ಕೊಂಡ. ಇವನಂಥ ಅನುಮಾನದ ಪ್ರಾಣೀನೇ ಇಷ್ಟು ಅಳೀತಾನೆ ಅಂದ್ರೆ ಜಾಗ ಬಂಗಾರ ಇರ್ಬೇಕು ಅಂದ್ಳು ಐಲ್ಸಾ. ಚಂಡಮಾರುತ ಮುಗಿಯೋ ತನಕ ಆ ಜಾಗ ನಮ್ಗೆ ಕೊಡ್ತೀರಾ?”

ಯಜಮಾನರು ಬಾಗಿ ಕಟ್ಟು ಮುಟ್ಟಿದರು. ಚಪ್ಪಾಳೆ ಬಿತ್ತು.

“ನಿಲ್ಲಿ!” ಡೆಸ್ ಎದ್ದೇಬಿಟ್ಟ, ಯಜಮಾನರೆದುರು ಹಾಗೆ ಎದ್ದು ನಿಲ್ಲಬಾರದೆಂದು ನಾನು ಸುಲು ಹಿಡಿದೆಳೆದು ಕೂರಿಸಿದೆ. “ಮೊದ್ಲು ಬಂದಿದ್ದು ನಾವು! ಎರಡು ಕಟ್ಟು ಕೊಟ್ಟಿದೀವಿ!”

ಸಕಿಯಾಸಿ ಬೇಸರಿಸಿಕೊಳ್ಳಲಿಲ್ಲ, ದಡ್ಡ ತಮ್ಮನಿಗೆ ಹೇಳುವ ಹಾಗೆ ಹೇಳಿದ. “ಮೊದ್ಲು ಬಂದ್ರಿ ನಿಜ. ಕಟ್ಟಿನ ಜೊತೆ ಏನು ಕೇಳಿದ್ರಿ? ‘ಏನೂ ಬೇಡ, ನಿಮ್ಮೋರು ಅನ್ಕೊಳ್ಳಿ.’ ಯಜಮಾನ್ರು ಮುಟ್ಟಿದ್ರು. ನಿಮ್ಮ ಮಾತು ನಡೀತು, ನೀವೀಗ ಊರಿನೋರು. ಇವ್ರಿನ್ನೂ ನೆಂಟರು. ನೆಂಟರು ಕಟ್ಟಿನ ಜೊತೆ ಕೇಳಿದ್ದನ್ನ ಮುಟ್ಟಿದ್ಮೇಲೆ ಇಲ್ಲ ಅನ್ನಂಗಿಲ್ಲ. ಊರಿನೋರದ್ದು ಆಮೇಲೆ. ಉಳಿದಿದ್ರೆ.”

“ಉಳಿದಿದ್ಯಾ?” ಎಂದೆ ನಾನು. ಮೇಜಿನ ಮೇಲಿನ ಲೋಟ ಆಗಲೇ ಜಾರತೊಡಗಿತ್ತು.

“ಇಲ್ಲ ಅಮ್ಮ. ಇದ್ದಿದ್ದು ಒಂದೇ.”

“ಇನ್ನೊಂದು ಕಟ್ಟು ತರ್ತೀನಿ!” ಎಂದ ಡೆಸ್. “ಹೊಸದಾಗಿ ಕೇಳ್ತೀನಿ. ಈ ಸಲ ನೇರವಾಗಿ!”

ಸಕಿಯಾಸಿ ಯಜಮಾನರ ಮುಖ ನೋಡಿದ. ಯಜಮಾನರು ಅಂದು ಮೊದಲ ಬಾರಿಗೆ, ನಿಧಾನವಾಗಿ, ನಮಗೆ ತಿಳಿಯುವ ಮಾತಿನಲ್ಲಿ ಹೇಳಿದರು: “ತಮ್ಮ ಮನೆಗೆ ತಾವೇ ಸೆವುಸೆವು ತರೋರನ್ನ ನಾನೆಲ್ಲೂ ನೋಡಿಲ್ಲ.”

ಮನೆ ತುಂಬ ನಗು. ಟ್ರೆವರ್ ನಗಲಿಲ್ಲ, ಅವನ ಮುಖದಲ್ಲಿ ಪಾಪಪ್ರಜ್ಞೆ ಮೂಡಿತೇನೋ ಅಂದುಕೊಂಡೆ. ಆದರೆ ಅವನು ನಗದಿರಲೆಂದು ಐಲ್ಸಾ ಅವನ ತೊಡೆ ಚಿವುಟಿದ್ದನ್ನು ನಾನು ನೋಡಿದೆ. ಹತ್ತು ದಿನದ ಕಡಲು, ಒಲೆ, ಕುಕ್ಕರಿನ ಸೀಟಿ, ಎಲ್ಲ ಸಾಲಾಗಿ ಕಣ್ಣ ಮುಂದೆ ನಿಂತವು. ಡೆಸ್ ನನ್ನ ಕಡೆ ತಿರುಗಲು ಧೈರ್ಯ ಸಾಲದೆ ತನ್ನ ಅಂಗೈ ನೋಡಿಕೊಂಡ. ತೊರೆಯ ಆಳದ ಅಂಕಿಗಳು ಬೆವರಿಗೆ ಕಲಸಿಹೋಗಿದ್ದವು.

ಸಕಿಯಾಸಿ ಕಲಸುವ ಬಟ್ಟಲಿನೊಳಗೆ ಇಣುಕಿ, ನೀರು ಮುಗಿದದ್ದನ್ನು ಕಂಡು, ನೀಲಿ ಬಕೆಟ್ಟನ್ನು ಎತ್ತಿ ಡೆಸ್‌ನ ಕೈಗೆ ಕೊಟ್ಟ.

“ನಲ್ಲಿ ಹಿತ್ತಲಲ್ಲಿದೆ. ಬೇಗ ಹೋಗ್ಬಾ ತಮ್ಮಾ, ನೆಂಟರು ಕಾಯ್ತಿದಾರೆ.”